ಬಾಯಿಯ ಅರ್ಬುದವೂ ಜೀವಕೋಶದೊಳಗಣ ಮುದ್ರೆಗಳೂ



ಸಕಲೇಶಪುರ, ಆಲೂರು ಸೀಮೆಯ ಮಲೆಗಳಲ್ಲಿ ಅತಿಥಿಸತ್ಕಾರವೆಂಬುದು ತಾಂಬೂಲವಿಲ್ಲದೆ ಪೂರ್ಣವಾಗುವುದಿಲ್ಲ. ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಆಸನ, ಊಟವಾದ ತರುವಾಯ ಎಲೆ ಅಡಿಕೆಯ ತಟ್ಟೆ. ಇದು ತಲೆತಲಾಂತರದಿಂದ ನಡೆದು ಬಂದ ಮರ್ಯಾದೆ. ಮದುವೆಯ ಮಾತು ಸ್ಥಿರವಾಗುವುದು ವೀಳ್ಯದಿಂದ. ಪೂಜೆಯ ಉಪಚಾರಗಳಲ್ಲಿ ತಾಂಬೂಲವೂ ಒಂದು. ಇಷ್ಟು ಗೌರವ ಪಡೆದ ವಸ್ತುವಿನ ವಿಷಯದಲ್ಲಿ ಕಠಿಣವಾದ ಮಾತೊಂದನ್ನು ಭಕ್ತಜನರ ಮುಂದೆ ಆಡುವುದು ಸುಲಭವಲ್ಲ. ಆದರೆ ಸತ್ಯವು ಅಪ್ರಿಯವಾದರೂ ಹಿತವಾಗಿದ್ದಲ್ಲಿ ಅದನ್ನು ಮುಚ್ಚಿಡುವುದು ಧರ್ಮವೆನಿಸದು. ಪ್ರಾಚೀನ ವೈದ್ಯರು ಅರ್ಬುದವೆಂದೂ ಇಂದಿನ ಜನರು ಕ್ಯಾನ್ಸರ್ ಎಂದೂ ಕರೆಯುವ ರೋಗವು ಬಾಯಿಯಲ್ಲಿ ಹೇಗೆ ಹುಟ್ಟುತ್ತದೆ, ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಬಾಯಿಯ ಒಳಪೊರೆಯ ಜೀವಕೋಶಗಳಲ್ಲಿ ಏನು ನಡೆಯುತ್ತದೆ, ಅದನ್ನು ಮನುಷ್ಯನು ತಡೆಯಬಲ್ಲನೇ ಎಂಬುದೇ ಈ ಉಪನ್ಯಾಸದ ವಿಷಯ.

ದೋಣಿಗಲ್ಲು ಪಶ್ಚಿಮಘಟ್ಟದ ಅಂಚಿನಲ್ಲಿರುವ ಊರು. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯೂ ರೈಲುದಾರಿಯೂ ಇದರ ಬಳಿಯಿಂದಲೇ ಘಟ್ಟದತ್ತ ಸಾಗುತ್ತವೆ. ರಾತ್ರಿಯೆಲ್ಲ ನಿದ್ದೆಗೆಟ್ಟು ಶಿರಾಡಿಯ ತಿರುವುಗಳನ್ನು ದಾಟಬೇಕಾದ ಲಾರಿಯ ಚಾಲಕನು ಎಚ್ಚರವಾಗಿರಲೆಂದು ಪೊಟ್ಟಣ ಹರಿದು ಬಾಯಿಗೆ ಸುರಿದುಕೊಳ್ಳುತ್ತಾನೆ. ಸುತ್ತಣ ಕಾಫಿ, ಏಲಕ್ಕಿ ತೋಟಗಳಲ್ಲಿ ಆಷಾಢದ ಮಳೆಯಲ್ಲಿ ನೆನೆಯುತ್ತ ದುಡಿಯುವ ಹೆಣ್ಣಾಳು ಚಳಿಯನ್ನೂ ಹಸಿವನ್ನೂ ಮರೆಯಲು ಎಲೆ, ಅಡಿಕೆ, ಸುಣ್ಣಗಳ ಜೊತೆಗೆ ಹೊಗೆಸೊಪ್ಪಿನ ಚೂರನ್ನು ದವಡೆಗೆ ಒತ್ತಿಕೊಳ್ಳುತ್ತಾಳೆ. ಕಾಲಿಗೆ ಹತ್ತಿದ ಇಂಬಳಕ್ಕೆ ಅದೇ ಹೊಗೆಸೊಪ್ಪನ್ನೂ ಸುಣ್ಣವನ್ನೂ ತಾಕಿಸಿದರೆ ಅದು ಕಚ್ಚಿದ್ದನ್ನು ಬಿಟ್ಟು ಉದುರುತ್ತದೆಂಬುದನ್ನು ಮಲೆನಾಡಿನ ಮಕ್ಕಳೂ ಬಲ್ಲರು. ಅಂತಹ ಉಗ್ರವಸ್ತುವು ದಿನಕ್ಕೆ ಹಲವು ಗಂಟೆಗಳ ಕಾಲ ಕೆನ್ನೆಯ ಮೃದುವಾದ ಒಳಪೊರೆಗೆ ತಾಕಿಕೊಂಡೇ ಇದ್ದರೆ ಅಲ್ಲಿ ಏನಾದೀತೆಂದು ಯೋಚಿಸುವವರು ಮಾತ್ರ ವಿರಳ.

ಈ ರೋಗದ ವ್ಯಾಪ್ತಿಯನ್ನು ಮೊದಲು ತಿಳಿಯಬೇಕು. ೨೦೨೨ನೆಯ ಇಸವಿಯಲ್ಲಿ ಪ್ರಪಂಚದಲ್ಲೆಲ್ಲ ತುಟಿ ಮತ್ತು ಬಾಯಿಯ ಅರ್ಬುದಕ್ಕೆ ಹೊಸದಾಗಿ ಗುರಿಯಾದವರು ಸುಮಾರು ೩,೯೦,೦೦೦ ಮಂದಿ ಎಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಂದಾಜು ಮಾಡಿದೆ. ಅವರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಜನ ಭಾರತದವರೇ. ಹೊಗೆಯಿಲ್ಲದ ತಂಬಾಕು ಮತ್ತು ಅಡಿಕೆಗಳ ಬಳಕೆಯೊಂದರಿಂದಲೇ ಆ ವರ್ಷ ಉಂಟಾದ ಬಾಯಿಯ ಅರ್ಬುದಗಳು ಲೋಕದಲ್ಲಿ ಸುಮಾರು ೧,೨೦,೨೦೦ ಎಂದೂ, ಅವುಗಳಲ್ಲಿ ೮೩,೪೦೦ ಭಾರತದಲ್ಲಿಯೇ ಎಂದೂ ೨೦೨೪ರಲ್ಲಿ ಪ್ರಕಟವಾದ ಲೆಕ್ಕವು ತಿಳಿಸುತ್ತದೆ. ಪಾಶ್ಚಾತ್ಯದೇಶಗಳಲ್ಲಿ ಬಾಯಿಯ ಅರ್ಬುದವು ಹೆಚ್ಚಾಗಿ ನಾಲಗೆಯಲ್ಲಿಯೂ ಬಾಯಿಯ ತಳದಲ್ಲಿಯೂ ಕಾಣಿಸಿಕೊಂಡರೆ, ಭಾರತದಲ್ಲಿ ಕೆನ್ನೆಯ ಒಳಮೈ ಮತ್ತು ಒಸಡುಗಳಲ್ಲಿ ಹೆಚ್ಚು. ಅಗಿದ ಉಂಡೆಯನ್ನು ಎಲ್ಲಿ ಇಟ್ಟುಕೊಳ್ಳುತ್ತಾರೋ ಅಲ್ಲಿಯೇ ರೋಗವು ಬೇರೂರುತ್ತದೆ. ಕಾರಣವೂ ಕಾರ್ಯವೂ ಒಂದೇ ಜಾಗದಲ್ಲಿ ನೆಲೆಸಿದ ಇಂತಹ ನಿದರ್ಶನ ರೋಗಗಳ ಚರಿತ್ರೆಯಲ್ಲಿ ಅಪರೂಪ.

ಹೀಗಿದ್ದರೂ ಈ ವಿಷಯದಲ್ಲಿ ಜನರಲ್ಲಿ ಎರಡು ಬಗೆಯ ಅಭಿಪ್ರಾಯಗಳು ಬಲವಾಗಿ ನಿಂತಿವೆ. ರೋಗ ಬಂದವನನ್ನು ಕಂಡು, ಅದು ಅವನ ಹಣೆಬರಹ, ತಪ್ಪಿಸಲು ಯಾರಿಂದಾದೀತು ಎನ್ನುವವರು ಕೆಲವರು. ಅಜ್ಜನು ತೊಂಬತ್ತು ವರ್ಷ ಬದುಕಿ ಕಡೆಯ ದಿನದವರೆಗೂ ಎಲೆ ಅಡಿಕೆ ಹಾಕಿದನು, ಅವನಿಗೇನೂ ಆಗಲಿಲ್ಲ ಎನ್ನುವವರು ಮತ್ತೆ ಕೆಲವರು. ಮೊದಲನೆಯದು ನಿರಾಶೆಯ ಮಾತು. ಎರಡನೆಯದು ಉದಾಸೀನದ ಮಾತು. ಇವೆರಡೂ ಪೂರ್ಣಸತ್ಯಗಳಲ್ಲವೆಂಬುದನ್ನು ಇತ್ತೀಚಿನ ಜೀವವಿಜ್ಞಾನದ ಒಂದು ಶಾಖೆಯು ತೋರಿಸಿಕೊಟ್ಟಿದೆ. ಅದಕ್ಕೆ ಎಪಿಜೆನೆಟಿಕ್ಸ್ ಎಂದು ಹೆಸರು. ಎಪಿ ಎಂಬುದು ಗ್ರೀಕ್ ಭಾಷೆಯ ಉಪಸರ್ಗ. ಮೇಲೆ ಎಂದು ಅದರ ಅರ್ಥ. ವಂಶವಾಹಿಗಳ ಮೇಲೆ ಕುಳಿತು ಅವುಗಳನ್ನು ಆಳುವ ವ್ಯವಸ್ಥೆಯ ವಿಚಾರವೆಂದು ಇದನ್ನು ತಿಳಿಯಬಹುದು. ೧೯೪೨ರಲ್ಲಿ ಕಾನ್ರಾಡ್ ವ್ಯಾಡಿಂಗ್ಟನ್ ಎಂಬ ಬ್ರಿಟಿಷ್ ವಿಜ್ಞಾನಿಯು ಈ ಶಬ್ದವನ್ನು ಬಳಕೆಗೆ ತಂದನು.

ಇದನ್ನು ಅರಿಯುವುದಕ್ಕೆ ಮಠಗಳಲ್ಲಿ ಭದ್ರವಾಗಿರುವ ಓಲೆಗರಿಯ ಗ್ರಂಥವನ್ನು ನೆನೆದರೆ ಸಾಕು. ಮನುಷ್ಯದೇಹದ ಬಹುಪಾಲು ಜೀವಕೋಶಗಳ ಕೇಂದ್ರದಲ್ಲಿ ಡಿ.ಎನ್.ಎ. ಎಂಬ ಅತಿಸೂಕ್ಷ್ಮವಾದ ಎಳೆಯಿದೆ. ಒಂದು ಕೋಶದ ಎಳೆಗಳನ್ನೆಲ್ಲ ಬಿಡಿಸಿ ಒಂದರ ತುದಿಗೆ ಒಂದನ್ನು ಜೋಡಿಸಿದರೆ ಸುಮಾರು ೨ ಮೀಟರು ಉದ್ದವಾಗುತ್ತದೆ. ನಾಲ್ಕೇ ಅಕ್ಷರಗಳ ಲಿಪಿಯಲ್ಲಿ, ತಂದೆಯಿಂದ ಬಂದ ಪ್ರತಿಯಲ್ಲಿ ಸುಮಾರು ೩೦೦ ಕೋಟಿ, ತಾಯಿಯಿಂದ ಬಂದ ಪ್ರತಿಯಲ್ಲಿ ಅಷ್ಟೇ ಅಕ್ಷರಗಳು ಅದರಲ್ಲಿ ಬರೆದಿವೆ. ಅದರೊಳಗಣ ಅರ್ಥವತ್ತಾದ ಅಧ್ಯಾಯಗಳೇ ವಂಶವಾಹಿಗಳು. ದೇಹಕ್ಕೆ ಬೇಕಾದ ಪ್ರೋಟೀನುಗಳನ್ನು ಕಟ್ಟಲು ಅಪ್ಪಣೆ ಕೊಡುವ ಅಂತಹ ಅಧ್ಯಾಯಗಳು ಸುಮಾರು ೨೦,೦೦೦ ಇವೆ. ಕಣ್ಣಿನ ಕೋಶಕ್ಕೂ ಕೆನ್ನೆಯ ಕೋಶಕ್ಕೂ ಇರುವ ಗ್ರಂಥವೊಂದೇ. ಆದರೆ ಕಣ್ಣಿನ ಕೋಶವು ತನಗೆ ಬೇಕಾದ ಗರಿಗಳನ್ನು ಮಾತ್ರ ಬಿಚ್ಚಿ ಓದುತ್ತದೆ. ಕೆನ್ನೆಯ ಕೋಶವು ಬೇರೆ ಗರಿಗಳನ್ನು ಓದುತ್ತದೆ. ಓದಬೇಕಾಗಿಲ್ಲದ ಗರಿಗಳನ್ನು ದಾರದಿಂದ ಬಿಗಿದು ಮುದ್ರೆಯೊತ್ತಿ ಇಟ್ಟಿರುತ್ತದೆ. ಯಾವ ಗರಿ ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂಬ ಈ ಏರ್ಪಾಡೇ ಎಪಿಜೆನೆಟಿಕ್ಸಿನ ವಿಷಯ.

ಓಲೆಗ್ರಂಥಕ್ಕೆ ಕೇಡು ಎರಡು ಬಗೆಯಿಂದ ಬರಬಹುದು. ಹುಳು ಕೊರೆದು ಅಕ್ಷರವೇ ನಷ್ಟವಾಗುವುದು ಒಂದು ಬಗೆ. ವಿಜ್ಞಾನಿಗಳು ಇದನ್ನು ಉತ್ಪರಿವರ್ತನೆ ಎನ್ನುತ್ತಾರೆ. ಒಮ್ಮೆ ಹೋದ ಅಕ್ಷರವು ತಾನಾಗಿ ಮರಳುವುದು ದುರ್ಲಭ. ಎರಡನೆಯ ಬಗೆಯಲ್ಲಿ ಅಕ್ಷರಕ್ಕೆ ಏನೂ ಆಗಿರುವುದಿಲ್ಲ. ಆದರೆ ಮಳೆಗಾಲದ ತೇವಕ್ಕೆ ಗರಿಗೆ ಗರಿ ಅಂಟಿಕೊಂಡು ಬೇಕಾದ ಅಧ್ಯಾಯವನ್ನು ಬಿಡಿಸಲು ಬಾರದಂತಾಗುತ್ತದೆ. ಇಲ್ಲವೆ ಮುಚ್ಚಿಡಬೇಕಾದ ಗರಿಯ ಮುದ್ರೆ ಒಡೆದು ಓದಬಾರದ್ದನ್ನು ಓದುವಂತಾಗುತ್ತದೆ. ಬಾಯಿಯ ಅರ್ಬುದದಲ್ಲಿ ಈ ಎರಡು ಕೇಡುಗಳೂ ಜೊತೆಯಾಗಿಯೇ ನಡೆಯುತ್ತವೆ. ಭಾರತೀಯರ ಒಸಡು ಮತ್ತು ಕೆನ್ನೆಯ ಅರ್ಬುದಗಳಲ್ಲಿ ಯಾವ ಯಾವ ಅಕ್ಷರಗಳು ಕೆಟ್ಟಿರುತ್ತವೆಂಬುದನ್ನು ಭಾರತದ ವಿಜ್ಞಾನಿಗಳು ೨೦೧೩ರಲ್ಲಿ ಪ್ರಕಟಿಸಿದರು. ಇಲ್ಲಿ ವಿಚಾರ ಮಾಡಬೇಕಾದುದು ಎರಡನೆಯ ಬಗೆಯ ಕೇಡನ್ನು ಕುರಿತು. ಏಕೆಂದರೆ ಆಶೆಗೆ ಎಡೆಯಿರುವುದು ಅಲ್ಲಿ.

ಜೀವಕೋಶವು ಬಳಸುವ ಮುದ್ರೆಗಳಲ್ಲಿ ಮುಖ್ಯವಾದುವು ಮೂರು. ಮೊದಲನೆಯದು ಮಿಥೈಲ್ ಮುದ್ರೆ. ಒಂದು ಇಂಗಾಲ, ಮೂರು ಜಲಜನಕ ಪರಮಾಣುಗಳಿಂದಾದ ಪುಟ್ಟದೊಂದು ಗುಂಪು ಡಿ.ಎನ್.ಎ.ಯ ಸೈಟೊಸಿನ್ ಎಂಬ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ವಂಶವಾಹಿಯೊಂದರ ಮುಖಭಾಗದಲ್ಲಿ ಇಂತಹ ಮುದ್ರೆಗಳು ದಟ್ಟವಾಗಿ ಬಿದ್ದರೆ ಆ ವಂಶವಾಹಿಯು ಮೌನವಾಗುತ್ತದೆ. ಎರಡನೆಯದು ಹಿಸ್ಟೋನ್ ಎಂಬ ಪ್ರೋಟೀನಿನ ಮೇಲಣ ಮುದ್ರೆ. ನೂಲು ಉರುಳೆಗೆ ಸುತ್ತಿಕೊಂಡಂತೆ ಡಿ.ಎನ್.ಎ. ಎಳೆಯು ಹಿಸ್ಟೋನುಗಳಿಗೆ ಸುತ್ತಿಕೊಂಡಿರುತ್ತದೆ. ಹಿಸ್ಟೋನಿಗೆ ಅಸಿಟೈಲ್ ಎಂಬ ಗುಂಪು ಸೇರಿದರೆ ಸುತ್ತು ಸಡಿಲವಾಗಿ ಅಲ್ಲಿನ ಬರಹವು ಓದಲು ಸುಲಭವಾಗುತ್ತದೆ. ಅದು ಕಳಚಿದರೆ ಸುತ್ತು ಬಿಗಿಯಾಗುತ್ತದೆ. ಈ ಸಂಬಂಧವನ್ನು ವಿನ್ಸೆಂಟ್ ಆಲ್‌ಫ್ರೇ ಎಂಬ ಅಮೆರಿಕದ ವಿಜ್ಞಾನಿಯು ೧೯೬೪ರಲ್ಲಿಯೇ ಸೂಚಿಸಿದ್ದನು. ಮೂರನೆಯದು ಕಿರು ಆರ್.ಎನ್.ಎ.ಗಳ ಕೆಲಸ. ಗರಿಯನ್ನು ಓದಿ ನಕಲು ತೆಗೆದ ಮೇಲೂ ಆ ನಕಲನ್ನು ತಡೆಹಿಡಿಯುವ ಅಧಿಕಾರಿಗಳಂತೆ ಇವು ವರ್ತಿಸುತ್ತವೆ. ಇವುಗಳನ್ನು ಮೊದಲು ಕಂಡವರಾದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕನ್ ಅವರಿಗೆ ೨೦೨೪ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಇನ್ನು ತಾಂಬೂಲದ ಉಂಡೆಯು ಈ ಮುದ್ರೆಗಳನ್ನು ಹೇಗೆ ಕೆಡಿಸುತ್ತದೆ ಎಂಬ ಪ್ರಶ್ನೆ. ಅಡಿಕೆಯಲ್ಲಿ ಅರೆಕೊಲಿನ್ ಎಂಬ ಕ್ಷಾರವಸ್ತುವಿದೆ. ಅಡಿಕೆ ಹಾಕಿದವನ ಮೈ ಬೆಚ್ಚಗಾಗಿ ಮನಸ್ಸು ಚುರುಕಾಗುವುದು ಅದರ ಪ್ರಭಾವ. ಬಿಡಲಾರದ ಚಟವಾಗುವುದಕ್ಕೂ ಅದೇ ಕಾರಣ. ಸುಣ್ಣವು ಸೇರಿದೊಡನೆ ಬಾಯಿಯ ರಸವು ತೀಕ್ಷ್ಣಕ್ಷಾರವಾಗಿ, ಅಡಿಕೆಯ ಸತ್ವದಿಂದ ಉಗ್ರವಾದ ಆಮ್ಲಜನಕದ ಕಣಗಳು ಹೊರಡುತ್ತವೆ. ಹೊಗೆಸೊಪ್ಪು ಬೆರೆತರೆ ನೈಟ್ರೊಸಮೈನ್ ಎಂಬ ವಿಷಗಳು ಕೂಡಿಕೊಳ್ಳುತ್ತವೆ. ಇವೆಲ್ಲವೂ ಒಳಪೊರೆಯನ್ನು ದಿನವೂ ಗಾಯಗೊಳಿಸುತ್ತವೆ. ಗಾಯವನ್ನು ಮಾಯಿಸಲು ಕೋಶಗಳು ಮತ್ತೆ ಮತ್ತೆ ಇಬ್ಭಾಗವಾಗಬೇಕಾಗುತ್ತದೆ. ಕೋಶವು ಇಬ್ಭಾಗವಾದಾಗಲೆಲ್ಲ ಗ್ರಂಥದ ಹೊಸ ಪ್ರತಿಯನ್ನು ಬರೆದು, ಹಳೆಯ ಪ್ರತಿಯಲ್ಲಿದ್ದ ಮುದ್ರೆಗಳನ್ನೂ ಅದರ ಮೇಲೆ ಒತ್ತಬೇಕು. ಉರಿಯೂತದ ಗದ್ದಲದಲ್ಲಿ, ಅವಸರದಲ್ಲಿ ನಡೆಯುವ ಈ ಕೆಲಸದಲ್ಲಿ ಮುದ್ರೆಗಳು ತಪ್ಪಿದ ಜಾಗದಲ್ಲಿ ಬೀಳುತ್ತವೆ. ಹಾಗೆ ಬಿದ್ದ ತಪ್ಪು ಮುದ್ರೆಯನ್ನು ಮುಂದಿನ ಕೋಶಗಳು ಸರಿಯೆಂದೇ ತಿಳಿದು ನಕಲು ಮಾಡುತ್ತ ಹೋಗುತ್ತವೆ.

ಅರ್ಬುದಕೋಶಗಳ ಡಿ.ಎನ್.ಎ.ಯಲ್ಲಿ ಮಿಥೈಲ್ ಮುದ್ರೆಗಳು ಅನೇಕ ಕಡೆ ಕಳಚಿಹೋಗಿರುತ್ತವೆಂದು ೧೯೮೩ರಲ್ಲಿ ಅಮೆರಿಕದ ಫೈನ್‌ಬರ್ಗ್ ಮತ್ತು ಫೋಗೆಲ್‌ಸ್ಟೈನ್ ಎಂಬವರು ತೋರಿಸಿದರು. ಮುಂದೆ ಇದರ ಇನ್ನೊಂದು ಮುಖವೂ ತಿಳಿದುಬಂದಿತು. ಕಳಚಬಾರದಲ್ಲಿ ಕಳಚಿದಂತೆಯೇ ಬೀಳಬಾರದಲ್ಲಿ ಮುದ್ರೆ ಬೀಳುತ್ತದೆ. ಪಿ-೧೬ ಎಂಬ ವಂಶವಾಹಿಯ ಕಥೆಯು ಇದಕ್ಕೆ ಸ್ಪಷ್ಟವಾದ ಉದಾಹರಣೆ. ಘಟ್ಟವಿಳಿಯುವ ಬಂಡಿಗೆ ತಡೆ ಹೇಗೋ, ಕೋಶವಿಭಜನೆಗೆ ಪಿ-೧೬ ಹಾಗೆ. ಈ ತಡೆಯಿರುವವರೆಗೆ ಕೋಶವು ಮಿತಿಮೀರಿ ಹೆಚ್ಚಲಾರದು. ತಲೆ ಮತ್ತು ಕುತ್ತಿಗೆಯ ಅರ್ಬುದಗಳನ್ನೊಳಗೊಂಡು ಅನೇಕ ಅರ್ಬುದಗಳಲ್ಲಿ ಈ ವಂಶವಾಹಿಯ ಅಕ್ಷರಗಳು ಸರಿಯಾಗಿಯೇ ಇದ್ದರೂ ಮಿಥೈಲ್ ಮುದ್ರೆ ಬಿದ್ದು ಅದು ಮೂಕವಾಗಿರುವುದುಂಟೆಂದು ೧೯೯೫ರಲ್ಲಿ ಗೊತ್ತಾಯಿತು.

ಬಾಯಿಯ ಅರ್ಬುದದಲ್ಲಿ ಹೀಗೆಯೇ ಮೂಕವಾಗುವ ವಂಶವಾಹಿಗಳು ಇನ್ನೂ ಇವೆ. ಎಂ.ಜಿ.ಎಂ.ಟಿ. ಎಂಬುದು ಕೆಟ್ಟ ಅಕ್ಷರಗಳನ್ನು ತಿದ್ದುವ ಲಿಪಿಕಾರನಂತಿರುವುದು. ಅದು ಮೌನವಾದರೆ ಹುಳು ಕೊರೆದ ಅಕ್ಷರಗಳು ತಿದ್ದುವವರಿಲ್ಲದೆ ಉಳಿದುಬಿಡುತ್ತವೆ. ಇ-ಕ್ಯಾಡ್‌ಹೆರಿನ್ ಎಂಬುದು ಕೋಶಕ್ಕೆ ಕೋಶವನ್ನು ಅಂಟಿಸಿ ಹಿಡಿಯುವ ವಸ್ತುವನ್ನು ಕೊಡುತ್ತದೆ. ಅದು ಮೌನವಾದರೆ ಅರ್ಬುದಕೋಶಗಳು ನೆರೆಯವರ ಸಂಗವನ್ನು ಬಿಟ್ಟು ಕುತ್ತಿಗೆಯ ಗಂಟುಗಳಿಗೆ ವಲಸೆ ಹೋಗಲು ಅನುಕೂಲವಾಗುತ್ತದೆ. ಮುದ್ರೆಯೊಂದು ತಪ್ಪಿದರೆ ಅಕ್ಷರವೂ ಕೆಡುವುದಕ್ಕೆ ದಾರಿಯಾಗುತ್ತದೆಂಬುದು ಇದರಿಂದ ವಿದಿತವಾಗುವುದು.

ಈ ಮುದ್ರೆಗಳು ಬೀಳುವುದು ಗಂಟು ಕಾಣಿಸಿಕೊಂಡ ಮೇಲಲ್ಲ, ಅದಕ್ಕೂ ಮೊದಲೇ ಎಂಬುದು ಮುಖ್ಯವಾದ ಸಂಗತಿ. ವೀಳ್ಯ ಅಗಿಯುವವರ ಬಾಯಿಯಲ್ಲಿ ಅರ್ಬುದಕ್ಕೆ ಮುಂಚೆ ಹುಟ್ಟುವ ವಿಕಾರಗಳಲ್ಲಿ ಪಿ-೧೬ ಮತ್ತು ಅದರ ನೆರೆಯ ವಂಶವಾಹಿಗಳ ಮೇಲೆ ಮುದ್ರೆಗಳು ಬಹಳವಾಗಿ ಬಿದ್ದಿರುವುದನ್ನು ಶ್ರೀಲಂಕೆಯ ರೋಗಿಗಳಲ್ಲಿ ನಡೆದ ಸಂಶೋಧನೆಯೊಂದು ೨೦೦೮ರಲ್ಲಿ ತಿಳಿಸಿತು. ಒಳಪೊರೆಯ ಕೋಶಗಳು ವಿಕಾರಗೊಂಡವರನ್ನು ಚೀನಾದೇಶದ ವೈದ್ಯರು ಕೆಲವು ವರ್ಷ ಹಿಂಬಾಲಿಸಿ ನೋಡಿ, ಪಿ-೧೬ರ ಮೇಲೆ ಮುದ್ರೆ ಬಿದ್ದವರಲ್ಲಿ ಅರ್ಬುದವು ಹೆಚ್ಚಾಗಿ ಹುಟ್ಟಿತೆಂದು ೨೦೦೯ರಲ್ಲಿ ಪ್ರಕಟಿಸಿದರು. ಎಂದ ಮೇಲೆ, ನೋವಿಲ್ಲ, ಗಾಯವಿಲ್ಲ, ಊಟ ಸೇರುತ್ತದೆ ಎಂದು ನಿಶ್ಚಿಂತೆಯಿಂದಿರುವವನ ಕೆನ್ನೆಯಲ್ಲಿಯೂ ಗ್ರಂಥದ ಕೆಲವು ಗರಿಗಳು ಆಗಲೇ ಅಂಟಿಕೊಂಡಿರುವುದು ಸಾಧ್ಯ.

ಈ ವಿದ್ಯೆಯಲ್ಲಿ ಕರ್ನಾಟಕದ ಪಾಲೂ ಗಣನೀಯವಾದುದು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರೂ ಅವರ ಸಹೋದ್ಯೋಗಿಗಳೂ ಬಾಯಿಯ ಅರ್ಬುದದ ಮಾಂಸವನ್ನು ಪರೀಕ್ಷಿಸಿ, ಅದರ ಹಿಸ್ಟೋನುಗಳಲ್ಲಿ ಅಸಿಟೈಲ್ ಗುಂಪುಗಳು ಮಿತಿಮೀರಿ ಸೇರಿರುವುದನ್ನೂ, ನೈಟ್ರಿಕ್ ಆಕ್ಸೈಡ್ ಎಂಬ ಅನಿಲವು ಅದಕ್ಕೆ ಪ್ರೇರಕವಾಗಿರುವುದನ್ನೂ ೨೦೧೦ರಲ್ಲಿ ತೋರಿಸಿದರು. ಆ ಅತಿಯಾದ ಸೇರ್ಪಡೆಯನ್ನು ತಡೆಯುವ ವಸ್ತುವೊಂದನ್ನು ಅವರು ಸಿದ್ಧಪಡಿಸಿದರು. ಅದರ ಮೂಲವು ಅರಿಸಿನದ ಹಳದಿಸತ್ವವಾದ ಕರ್ಕ್ಯುಮಿನ್ ಎಂಬುದು ಕೌತುಕದ ಸಂಗತಿ. ಇಲಿಗಳಲ್ಲಿ ಬೆಳೆಸಿದ ಬಾಯಿಯ ಅರ್ಬುದದ ಬೆಳವಣಿಗೆಯು ಆ ವಸ್ತುವಿನಿಂದ ಕುಂಠಿತವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅರುಣ್ ಕುಮಾರ್ ಅವರೂ ಸಂಗಡಿಗರೂ ೨೦೧೩ರಲ್ಲಿ, ೧೫೫ ಎಂಬ ಅಂಕಿಯ ಕಿರು ಆರ್.ಎನ್.ಎ.ಯು ಅರ್ಬುದವನ್ನು ತಡೆಯುವ ವಂಶವಾಹಿಯೊಂದನ್ನು ಅದುಮಿ ಬಾಯಿಯ ಅರ್ಬುದಕೋಶಗಳ ಹೆಚ್ಚಳಕ್ಕೆ ನೆರವಾಗುತ್ತದೆಂದು ಸಾಧಿಸಿದರು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯಕ. ಅರಿಸಿನದಿಂದ ಹುಟ್ಟಿದ ವಸ್ತುವು ಇಲಿಯಲ್ಲಿ ಗುಣ ತೋರಿಸಿತೆಂದು ಕೇಳಿ, ಕೆನ್ನೆಯ ಹುಣ್ಣಿಗೆ ಅರಿಸಿನ ಮೆತ್ತಿಕೊಂಡು ಮನೆಯಲ್ಲಿ ಕುಳಿತರೆ ಅದು ಪ್ರಾಣಕ್ಕೇ ಮುಳುವು. ಆ ವಸ್ತುವು ಅಡಿಗೆಮನೆಯ ಅರಿಸಿನವಲ್ಲ; ರಸಾಯನಶಾಲೆಯಲ್ಲಿ ರೂಪಾಂತರಗೊಳಿಸಿದ್ದು. ಪ್ರಾಣಿಯಲ್ಲಿ ಕಂಡ ಗುಣವು ಮನುಷ್ಯನ ಚಿಕಿತ್ಸೆಯಾಗುವುದಕ್ಕೆ ದೂರದ ದಾರಿಯನ್ನು ಸವೆಸಬೇಕು. ತಪ್ಪಾಗಿ ಬಿದ್ದ ಮಿಥೈಲ್ ಮುದ್ರೆಗಳನ್ನು ಕಳಚುವ ಅಜಸಿಟಿಡಿನ್ ಎಂಬ ಔಷಧವು ೨೦೦೪ರಲ್ಲಿಯೂ, ಅದೇ ಜಾತಿಯ ಡೆಸಿಟಬಿನ್ ೨೦೦೬ರಲ್ಲಿಯೂ ಅಮೆರಿಕದಲ್ಲಿ ಅನುಮತಿ ಪಡೆದುವು. ಆದರೆ ಆ ಅನುಮತಿಯು ಅಸ್ಥಿಮಜ್ಜೆಯ ರೋಗವೊಂದಕ್ಕೆ. ಬಾಯಿಯ ಅರ್ಬುದಕ್ಕೆ ಶಸ್ತ್ರಚಿಕಿತ್ಸೆ, ವಿಕಿರಣಚಿಕಿತ್ಸೆ ಮತ್ತು ಔಷಧಚಿಕಿತ್ಸೆಗಳೇ ಆಧಾರ. ಆದರೂ ಮುದ್ರೆಯನ್ನು ಕಳಚಬಹುದೆಂಬ ತತ್ತ್ವವು ಆ ಔಷಧಗಳಿಂದ ಸ್ಥಿರಪಟ್ಟಿತು.

ಔಷಧಕ್ಕಿಂತ ಮೊದಲು ಮನುಷ್ಯನ ಕೈಯಲ್ಲಿಯೇ ಇರುವ ಉಪಾಯವೊಂದುಂಟು. ಮುದ್ರೆಯನ್ನು ತಪ್ಪಾಗಿ ಒತ್ತುತ್ತಿರುವ ಕೈಯನ್ನು ಹಿಡಿದು ನಿಲ್ಲಿಸುವುದೇ ಅದು. ಕೇರಳದ ಎರ್ನಾಕುಲಂ ಮೊದಲಾದ ಮೂರು ಜಿಲ್ಲೆಗಳ ಹಳ್ಳಿಗಳಲ್ಲಿ ಹೊಗೆಸೊಪ್ಪು ಬಳಸುವ ೩೬,೦೦೦ ಮಂದಿಯನ್ನು ಕುರಿತು ನಡೆದ ದೊಡ್ಡ ಪ್ರಯೋಗದ ಫಲಿತಾಂಶವು ೧೯೮೬ರಲ್ಲಿ ಹೊರಬಂದಿತು. ಅಲ್ಲಿ ಕೊಟ್ಟುದು ಔಷಧವಲ್ಲ, ತಿಳಿವಳಿಕೆಯ ಮಾತು ಮಾತ್ರ. ಎರ್ನಾಕುಲಂ ಜಿಲ್ಲೆಯಲ್ಲಿ ಆ ಉಪದೇಶವನ್ನು ಕೇಳಿದವರಲ್ಲಿ ಅಭ್ಯಾಸವನ್ನು ಬಿಟ್ಟವರೂ ಕಡಮೆ ಮಾಡಿದವರೂ ಹೆಚ್ಚಿದರು. ಅರ್ಬುದಕ್ಕೆ ಮುನ್ಸೂಚಕವಾದ ಬಿಳಿಯ ಮಚ್ಚೆಗಳು ಹೊಸದಾಗಿ ಹುಟ್ಟುವುದು ಇಳಿಮುಖವಾಯಿತು. ಹಣೆಬರಹವೆನ್ನುವವರಿಗೆ ಇದೇ ಉತ್ತರ. ಬರಹವು ಜನ್ಮದೊಡನೆ ಬಂದುದಿರಬಹುದು. ಅದರ ಯಾವ ಗರಿಯನ್ನು ಮುಚ್ಚಬೇಕೆಂಬುದರಲ್ಲಿ ದಿನದಿನದ ನಡೆವಳಿಕೆಗೂ ಅಧಿಕಾರವಿದೆ.

ಅಜ್ಜನ ದೃಷ್ಟಾಂತವನ್ನು ಕೊಡುವವರಿಗೂ ಇದರಲ್ಲಿ ಉತ್ತರವಿದೆ. ಮುದ್ರೆಗಳು ಎಲ್ಲಿ ತಪ್ಪಿ ಬೀಳುತ್ತವೆಂಬುದು ಎಲ್ಲರಲ್ಲಿಯೂ ಒಂದೇ ಸಮನಲ್ಲ. ಹೊಳೆಯನ್ನು ನೆರೆಯಲ್ಲಿ ಈಜಿ ದಾಟಿದವನೊಬ್ಬನಿದ್ದಾನೆಂದು ನೆರೆಯು ನಿರಪಾಯವೆನಿಸದು. ಅಲ್ಲದೆ, ಅಜ್ಜನ ಕಾಲದ ಎಲೆಚೀಲವೂ ಇಂದಿನ ಪೊಟ್ಟಣವೂ ಒಂದೇ ಅಲ್ಲ. ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸಿ, ಎಲೆಯ ನಾರು ತೆಗೆದು, ಸುಣ್ಣ ಸವರಿ ಮಡಿಸುವುದಕ್ಕೆ ವ್ಯವಧಾನ ಬೇಕಾಗಿತ್ತು. ಪೊಟ್ಟಣಕ್ಕೆ ಅದಾವುದೂ ಬೇಕಿಲ್ಲ. ಶಾಲೆಯ ಹುಡುಗನೂ ಅದನ್ನು ಜೇಬಿನಲ್ಲಿ ಬಚ್ಚಿಡಬಲ್ಲನು. ಕರ್ನಾಟಕ ಸರ್ಕಾರವು ೨೦೧೩ರಲ್ಲಿ ಹೊಗೆಸೊಪ್ಪು ಬೆರೆತ ಗುಟ್ಕಾ, ಪಾನ್‌ಮಸಾಲೆಗಳನ್ನು ನಿಷೇಧಿಸಿತು. ಆದರೆ ಪಾನ್‌ಮಸಾಲೆಯನ್ನು ಒಂದು ಪೊಟ್ಟಣದಲ್ಲಿಯೂ ಹೊಗೆಸೊಪ್ಪನ್ನು ಇನ್ನೊಂದರಲ್ಲಿಯೂ ಮಾರುವ ಜಾಣ್ಮೆಯನ್ನು ವ್ಯಾಪಾರಿಗಳು ಕಂಡುಕೊಂಡರು. ನಿಷೇಧವು ಅಂಗಡಿಯಲ್ಲಿ ನಿಲ್ಲದಿದ್ದಾಗ ಮನೆಯಲ್ಲಿ ನಿಲ್ಲಬೇಕಾಗುತ್ತದೆ.

ಹೊಗೆಸೊಪ್ಪನ್ನು ಬಿಟ್ಟು ಬರೀ ಅಡಿಕೆ ಹಾಕಿದರೆ ದೋಷವಿಲ್ಲವೆಂಬುದು ಮಲೆನಾಡಿನಲ್ಲಿ ಪ್ರಚಲಿತವಾದ ನಂಬಿಕೆ. ಹ್ಹೊಗೆಸೊಪ್ಪು ಕೂಡಿದ ವೀಳ್ಯವು ಅರ್ಬುದಕಾರಕವೆಂದು ಅಂತರರಾಷ್ಟ್ರೀಯ ಸಂಸ್ಥೆಯು ೧೯೮೫ರಲ್ಲಿ ನಿರ್ಣಯಿಸಿತ್ತು. ೨೦೦೪ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅದು ಇನ್ನೂ ಮುಂದೆ ಹೋಗಿ, ಹೊಗೆಸೊಪ್ಪಿಲ್ಲದ ವೀಳ್ಯವನ್ನೂ ಅಡಿಕೆಯನ್ನೂ ಅದೇ ಮೊದಲನೆಯ ವರ್ಗಕ್ಕೆ ಸೇರಿಸಿತು. ಅಡಿಕೆಯಿಂದಲೇ ಬರುವ ಇನ್ನೊಂದು ವ್ಯಾಧಿಯೂ ಉಂಟು. ಕೆನ್ನೆಯ ಒಳಮೈ ಬಿಳಿಚಿ, ಒಳಗೆ ನಾರು ಗಟ್ಟಿಯಾಗಿ, ಖಾರ ತಗುಲಿದರೆ ಉರಿ ಹತ್ತಿ, ಕ್ರಮೇಣ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಐವರು ಭಾರತೀಯ ಸ್ತ್ರೀಯರಲ್ಲಿ ಇದನ್ನು ಕಂಡು ಶ್ವಾರ್ಟ್ಸ್ ಎಂಬ ವೈದ್ಯನು ೧೯೫೨ರಲ್ಲಿ ವರ್ಣಿಸಿದನು. ಅಡಿಕೆಯಲ್ಲಿರುವ ತಾಮ್ರದ ಅಂಶವು ನಾರನ್ನು ಬಿಗಿಗೊಳಿಸುವ ಕಿಣ್ವವನ್ನು ಪ್ರಚೋದಿಸುತ್ತದೆಂದು ತಿಳಿದವರು ಹೇಳುತ್ತಾರೆ. ಈ ವ್ಯಾಧಿಯುಳ್ಳವರನ್ನು ಎರ್ನಾಕುಲಂ ಜಿಲ್ಲೆಯಲ್ಲಿ ೧೭ ವರ್ಷ ಹಿಂಬಾಲಿಸಿದಾಗ ಶೇಕಡ ೭.೬ ಮಂದಿಯಲ್ಲಿ ಅದು ಅರ್ಬುದಕ್ಕೆ ತಿರುಗಿತು. ಗಟ್ಟಿಯಾದ ನಾರು ಅಭ್ಯಾಸವನ್ನು ಬಿಟ್ಟ ಮೇಲೂ ಪೂರ್ತಿ ಕರಗುವುದಿಲ್ಲ. ಮುದ್ರೆಗಳಲ್ಲಿಯೂ ಎಲ್ಲವೂ ಮರಳಿ ಸರಿಯಾಗುತ್ತವೆಂದು ಭಾವಿಸಲಾಗದು. ಆದುದರಿಂದ ಬಿಡುವುದಾದರೆ ಇಂದೇ ಬಿಡಬೇಕು. ಬಾಯಿ ಬಿಗಿದ ಮೇಲೆ ಅಲ್ಲ.

ಬಿಡುವುದರ ಜೊತೆಗೆ ನೋಡಿಕೊಳ್ಳುವುದೂ ಅವಶ್ಯಕ. ಅರ್ಬುದಗಳಲ್ಲಿ ಬಾಯಿಯ ಅರ್ಬುದದಷ್ಟು ಸುಲಭವಾಗಿ ಕಣ್ಣಿಗೆ ಬೀಳುವಂಥವು ಕೆಲವೇ. ಅದಕ್ಕೆ ಯಂತ್ರ ಬೇಡ. ಬೆಳಕು, ಕನ್ನಡಿ ಸಾಕು. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ೧೯೯೬ರಿಂದ ೨೦೦೪ರವರೆಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೂ ಹೋಗಿ ಜನರ ಬಾಯಿಯನ್ನು ಕಣ್ಣಿನಿಂದಲೇ ಪರೀಕ್ಷಿಸಿದರು. ಹಾಗೆ ಪರೀಕ್ಷೆ ನಡೆದ ಪ್ರದೇಶದಲ್ಲಿ, ಹೊಗೆಸೊಪ್ಪು ಇಲ್ಲವೆ ಮದ್ಯದ ಅಭ್ಯಾಸವಿದ್ದವರೊಳಗೆ ಬಾಯಿಯ ಅರ್ಬುದದಿಂದ ಸಂಭವಿಸುವ ಮರಣಗಳು ಸುಮಾರು ಮೂರನೆಯ ಒಂದು ಪಾಲು ಕಡಮೆಯಾದುವೆಂದು ೨೦೦೫ರಲ್ಲಿ ತಿಳಿದುಬಂದಿತು. ಎರಡು ವಾರವಾದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆ, ಕಾರಣವಿಲ್ಲದೆ ಅಲುಗುವ ಹಲ್ಲು, ಕುತ್ತಿಗೆಯಲ್ಲಿ ಗಂಟು, ಬಾಯಿ ತೆರೆಯಲು ಬಿಗಿತ, ಇವುಗಳಲ್ಲಿ ಒಂದು ಕಂಡರೂ ತಡಮಾಡಬಾರದು. ಸಕಲೇಶಪುರದಲ್ಲಿ ಸರ್ಕಾರಿ ಆಸ್ಪತ್ರೆಯಿದೆ. ಹಾಸನದಲ್ಲಿ ವೈದ್ಯಕೀಯ ಕಾಲೇಜೂ ದಂತವೈದ್ಯ ಕಾಲೇಜೂ ಇವೆ. ಬೆಂಗಳೂರಿನಲ್ಲಿ ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ಈ ರೋಗಕ್ಕೆಂದೇ ಇದೆ. ಮೊದಲ ಹಂತದಲ್ಲಿ ಹಿಡಿದ ಅರ್ಬುದವು ಬಹುಮಟ್ಟಿಗೆ ಗುಣಹೊಂದುವಂಥದು. ನಾಚಿಕೆಯಿಂದಲೋ ಭಯದಿಂದಲೋ ಕೆನ್ನೆಗೆ ಸೆರಗು ಮುಚ್ಚಿಕೊಂಡು ಕಳೆದ ತಿಂಗಳುಗಳೇ ಅನೇಕರ ಪ್ರಾಣವನ್ನು ಕೊಂಡೊಯ್ದಿವೆ.

ಅಡಿಕೆಯ ತೋಟವನ್ನು ನಂಬಿ ಬಾಳುವ ಕುಟುಂಬಗಳು ಕರ್ನಾಟಕದಲ್ಲಿ ಅಸಂಖ್ಯ. ಭಾರತದಲ್ಲಿ ಅಡಿಕೆಯನ್ನು ಅತ್ಯಧಿಕವಾಗಿ ಬೆಳೆಯುವ ರಾಜ್ಯವೇ ಕರ್ನಾಟಕ. ಅವರ ಕಾಯಕವನ್ನು ಹೀಗಳೆಯುವುದು ಈ ಮಾತುಗಳ ಉದ್ದೇಶವಲ್ಲ. ತಾಂಬೂಲದ ಗೌರವವನ್ನು ಕಳೆಯುವುದೂ ಉದ್ದೇಶವಲ್ಲ. ಅರ್ಪಣೆಯ ತಾಂಬೂಲವು ಭಾವದ ಗುರುತು. ದವಡೆಯ ಉಂಡೆಯು ಚಟದ ಗುರುತು. ಇವೆರಡಕ್ಕೂ ಇರುವ ಅಂತರವನ್ನು ತಿಳಿದವನು ಮೊದಲನೆಯದನ್ನು ಕಣ್ಣಿಗೊತ್ತಿಕೊಂಡು ಎರಡನೆಯದನ್ನು ತ್ಯಜಿಸಬಲ್ಲನು. ವೀಳ್ಯದೆಲೆಯ ಮೇಲೆ ಅರ್ಬುದದ ಆಪಾದನೆ ಸ್ಥಾಪಿತವಾಗಿಲ್ಲ. ಈ ಮಲೆಗಳಲ್ಲಿಯೇ ಬೆಳೆಯುವ ಏಲಕ್ಕಿಯೂ ಅತಿಥಿಯ ಬಾಯಿಗೆ ಪರಿಮಳ ಕೊಡಬಲ್ಲುದು. ಊಟದ ಪಂಕ್ತಿಯೆದ್ದ ಮೇಲೆ ತಟ್ಟೆಯಲ್ಲಿ ಏನಿಡಬೇಕೆಂಬುದನ್ನು ಮನೆಯ ಯಜಮಾನಿಯು ನಿರ್ಧರಿಸಿದರೆ ಒಂದು ತಲೆಮಾರಿನ ಅಭ್ಯಾಸವೇ ಬದಲಾದೀತು.

ಕರ್ನಾಟಕದ ವಯಸ್ಕರಲ್ಲಿ ತಂಬಾಕನ್ನು ಯಾವುದಾದರೊಂದು ರೂಪದಲ್ಲಿ ಬಳಸುವವರು ೨೦೦೯-೧೦ರಲ್ಲಿ ಶೇಕಡ ೨೮.೨ ಇದ್ದವರು ೨೦೧೬-೧೭ರ ವೇಳೆಗೆ ಶೇಕಡ ೨೨.೮ಕ್ಕೆ ಇಳಿದಿದ್ದರು. ಬಿಡುವುದು ಅಸಾಧ್ಯವೆಂಬ ಮಾತನ್ನು ಈ ಅಂಕಿಗಳು ಸುಳ್ಳು ಮಾಡುತ್ತವೆ. ಸದ್ಭಕ್ತರೇ, ಜಾತ್ರೆಗೂ ಉತ್ಸವಕ್ಕೂ ದೋಣಿಗಲ್ಲಿನ ಸುತ್ತಣ ತೋಟಗಳಿಂದ ಆಳುಗಳು, ಮೇಸ್ತ್ರಿಗಳು, ಸಾಹುಕಾರರು ಎಲ್ಲರೂ ಒಂದೇ ಅಂಗಳದಲ್ಲಿ ಸೇರುತ್ತಾರೆ. ಆ ದಿನ ದಾಸೋಹದ ಚಪ್ಪರದ ಪಕ್ಕದಲ್ಲಿಯೇ ದಂತವೈದ್ಯರಿಗೊಂದು ಮೇಜು, ಒಂದು ದೀಪ ಇಟ್ಟುಕೊಟ್ಟು, ಪ್ರಸಾದಕ್ಕೆ ಬಂದ ಪ್ರತಿಯೊಬ್ಬರೂ ಬಾಯಿ ತೆರೆದು ತೋರಿಸಿ ಹೋಗುವಂತೆ ಏರ್ಪಡಿಸುವುದು ಭಕ್ತಮಂಡಲಿಗೆ ಅಸಾಧ್ಯವಾದ ಕಾರ್ಯವಲ್ಲ. ಮೊದಲು ಸಾಹುಕಾರನು ಕುಳಿತು ತೋರಿಸಿದರೆ ಆಳಿನ ಸಂಕೋಚವೂ ಕಳೆಯುವುದು.